ಸೆತ್ಸುನಾ ಎಂಬ ಕ್ಷಣ

ಜಪಾನಿ ಭಾಷೆಯ ‘ಸೆತ್ಸುನಾ’ ನಮ್ಮ ‘ಕ್ಷಣ’ವೇ. ಬೌದ್ಧ ಗ್ರಂಥಗಳೊಂದಿಗೆ ಚೀನಾಕ್ಕೆ ಹೋದ ಈ ಸಂಸ್ಕೃತ ಪದ ಅಲ್ಲಿ ಉಚ್ಚಾರ ಬದಲಿಸಿಕೊಂಡು ಜಪಾನ್ ಸೇರಿತು. 2016ರಲ್ಲಿ ಟೋಕಿಯೊ ಆರ್‌ಪಿಜಿ ಫ್ಯಾಕ್ಟರಿ ಎಂಬ ತಂಡ ತನ್ನ ವಿಡಿಯೊ ಗೇಮ್‌ನ ನಾಯಕಿಗೆ ಅದೇ ಹೆಸರಿಟ್ಟಿತು. ‘ಐ ಆ್ಯಮ್ ಸೆತ್ಸುನಾ’ ಎಂಬ ಆ ಆಟದ ತುಂಬ ಹಿಮ, ಪಿಯಾನೊ. ಹತ್ತು ವರ್ಷಕ್ಕೊಮ್ಮೆ ಒಂದು ಜೀವ ಬಲಿ ಕೊಟ್ಟರೆ ದುಷ್ಟಮೃಗಗಳು ತಣ್ಣಗಾಗುತ್ತವೆ ಎಂಬ ನಂಬಿಕೆಯ ನಾಡದು. ಈ ಸಲದ ಸರದಿ ಸೆತ್ಸುನಾಳದು. ಅವಳನ್ನು ಕೊಲ್ಲಲೆಂದು ಬಂದ ಕೂಲಿ ಯೋಧನೇ ಅವಳ ಕಾವಲಿಗೆ ನಿಲ್ಲುತ್ತಾನೆ.

ಕಥೆ ಹೊಸದು, ಮೈಕಟ್ಟು ಹಳೆಯದು. 1995ರ ‘ಕ್ರೋನೊ ಟ್ರಿಗರ್’ ಆಟ ಇದರ ನೇರ ಪೂರ್ವಜ. ಪ್ರತಿ ಪಾತ್ರದ ಸರದಿ ತೋರಿಸುವ ಪಟ್ಟಿ ತುಂಬುವವರೆಗೆ ಕಾಯುವುದು, ತುಂಬಿದೊಡನೆ ಆಜ್ಞೆ ಕೊಡುವುದು, ಇಬ್ಬರು ಮೂವರು ಸೇರಿ ಒಂದೇ ಹೊಡೆತ ಹೊಡೆಯುವುದು ಎಲ್ಲವೂ ಅಲ್ಲಿಂದಲೇ ಬಂದದ್ದು. ಅಂದು ಹದಿನೈದರ ಹುಡುಗರಾಗಿದ್ದವರು ಈಗ ನಲವತ್ತೈದು ದಾಟಿದ್ದಾರೆ. ಹಳೆಯ ಉಡುಪಿನ ಈ ಹೊಸ ಆಟ ಅವರಿಗೆ ಒಗ್ಗುತ್ತದೆಯೇ?

ಕೈಗೆ ಒಗ್ಗುತ್ತದೆ. ಹೊಡೆತ ಬೀಳುವಾಗ ಬೆಳಕು ಮಿನುಗಿದೊಡನೆ ಗುಂಡಿ ಒತ್ತಿದರೆ ಅದರ ಬಲ ಹೆಚ್ಚುತ್ತದೆ, ತಪ್ಪಿದರೆ ಆ ಹೆಚ್ಚಳವಷ್ಟೇ ನಷ್ಟ. ಬೌದ್ಧ ದಾರ್ಶನಿಕ ವಸುಬಂಧುವಿನ ಅಭಿಧರ್ಮಕೋಶದ ಲೆಕ್ಕದಲ್ಲಿ ಒಂದು ಹಗಲಿರುಳಿಗೆ 64,80,000 ಕ್ಷಣ, ಅಂದರೆ ಸೆಕೆಂಡಿಗೆ 75. ಆಟ ಕೇಳುವುದು ಅಷ್ಟು ಸೂಕ್ಷ್ಮವಾದ ಕ್ಷಣವನ್ನಲ್ಲ, ಅದನ್ನು ಯಾವ ವಯಸ್ಸಿನ ಬೆರಳೂ ಹಿಡಿಯಲಾರದು.

ಮನಸ್ಸಿನ ಮಾತು ಬೇರೆ. ಬೌದ್ಧರು ಹೇಳುವಂತೆ ಎಲ್ಲವೂ ಕ್ಷಣಕ್ಷಣಕ್ಕೂ ಅಳಿಯುವುದೇ ನಿಜವಾದರೆ, 1995ರ ಸಂಜೆಗಾಗಿ ಹಂಬಲಿಸುತ್ತಿರುವವರು ಯಾರು?

ಈ ಪ್ರಶ್ನೆಯನ್ನು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕ್ಷಣಿಕವಾದಿಗಳ ಮುಂದಿಟ್ಟಿದ್ದರು. ಅಂದು ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆಗಿರದಿದ್ದರೆ ನೆನಪೇ ಹುಟ್ಟದು ಎಂಬುದು ಅವರ ವಾದ. ಬೌದ್ಧರ ಬಳಿ ದೀಪದ ಉತ್ತರವಿತ್ತು. ಸಂಜೆಯ ಜ್ವಾಲೆ ನಡುರಾತ್ರಿಯದಲ್ಲ, ಆದರೂ ಒಂದರಿಂದ ಇನ್ನೊಂದು ಹೊತ್ತಿಕೊಳ್ಳುತ್ತದೆ. ಅಳಿಯುವ ಕ್ಷಣ ತನ್ನ ವಾಸನೆಯನ್ನು ಮುಂದಿನದಕ್ಕೆ ದಾಟಿಸುತ್ತದೆ. ಹಳೆಯ ಆಟದ ಸೊಗಸನ್ನು ಮತ್ತೆ ಮಾರುವವರು, ತಿಳಿದೋ ತಿಳಿಯದೆಯೋ, ಶಂಕರರ ಪಕ್ಷ ಹಿಡಿದಂತಿದೆ: ನೀವು ಅದೇ ಹುಡುಗ, ಬನ್ನಿ. ಸೆತ್ಸುನಾಳ ಕಥೆ ಮಾತ್ರ ದೀಪದ ಕಡೆಗೆ ವಾಲುತ್ತದೆ. ಹಿಂದಿರುಗುವ ದಾರಿ ಅವಳಿಗಿಲ್ಲ. ಆದರೂ ಎದುರಾದವರನ್ನೆಲ್ಲ ಕೈಲಾದಷ್ಟು ಸಲಹುತ್ತ ನಡೆಯುತ್ತಾಳೆ.

ಈ ಆಟ ವಯಸ್ಸಾದವರಿಗೆ ಹೆಚ್ಚು ಸಲ್ಲುವುದು ಇಲ್ಲಿಯೇ. ಹದಿನೈದರ ಹುಡುಗನಿಗೆ ಬಲಿ ಎಂದರೆ ಶೌರ್ಯ. ಅವನ ಕಣ್ಣು ಯೋಧನ ಕತ್ತಿಯ ಮೇಲಿರುತ್ತದೆ. ಮಕ್ಕಳನ್ನು ಬೆಳೆಸಿದ, ಹೆತ್ತವರಿಗೆ ಹೆಗಲು ಕೊಟ್ಟ ಐವತ್ತರ ಕಣ್ಣು ಹಳ್ಳಿಯ ಹಿರಿಯರ ಮೇಲೆ ನಿಲ್ಲುತ್ತದೆ. ತಮ್ಮ ನೆಮ್ಮದಿಯ ಇನ್ನೊಂದು ದಶಕಕ್ಕಾಗಿ ಒಂದು ಎಳೆಯ ಹುಡುಗಿಯನ್ನು ಅವರು ಹಿಮದೊಳಗೆ ಬೀಳ್ಕೊಡುತ್ತಾರೆ. ಅವರು ಕೆಟ್ಟವರಲ್ಲ. ಅವರಿಗೆ ಅವಳ ಮೇಲೆ ಪ್ರೀತಿಯೂ ಇದೆ. ನಡುವಯಸ್ಸಿನ ಆಟಗಾರ ಹುಡುಗಿಯ ಜೊತೆ ಮುಂದೆ ಹೊರಡುತ್ತಾನೆ, ಆದರೆ ವಯಸ್ಸಿನ ಲೆಕ್ಕದಲ್ಲಿ ಅವನಿರುವುದು ಊರಬಾಗಿಲಲ್ಲಿ ನಿಂತ ಆ ಹಿರಿಯರ ಸಾಲಿನಲ್ಲಿ.