ಬಸುರು ಅವಳದು, ತೀರ್ಪು ಯಾರದು?

ಹೆಣ್ಣಿನ ಬಸುರಿನ ಬಗ್ಗೆ ಈ ನಾಡಿನಲ್ಲಿ ತೀರ್ಪು ಕೊಡದವರೇ ಇಲ್ಲ. ಮಠದ ಸ್ವಾಮಿ ಕೊಡುತ್ತಾನೆ, ಊರ ಗೌಡ ಕೊಡುತ್ತಾನೆ, ಅತ್ತೆ ಕೊಡುತ್ತಾಳೆ, ಗಂಡ ಕೊಡುತ್ತಾನೆ, ಡಾಕ್ಟರು ಕೊಡುತ್ತಾರೆ, ಕೋರ್ಟು ಕೊಡುತ್ತದೆ. ಹೊತ್ತವಳನ್ನು ಮಾತ್ರ ಯಾರೂ 'ನಿಂಗೇನು ಬೇಕವ್ವಾ?' ಅಂತ ಕೇಳುವುದಿಲ್ಲ. ಆದ್ದರಿಂದ ಗರ್ಭಪಾತ ಸರಿಯೋ ತಪ್ಪೋ ಅನ್ನುವ ಪ್ರಶ್ನೆಗಿಂತ ಮೊದಲು ಇನ್ನೊಂದು ಪ್ರಶ್ನೆಯನ್ನು ನಾವು ಎತ್ತಬೇಕಾಗಿದೆ. ಅದನ್ನು ತೀರ್ಮಾನಿಸುವ ಹಕ್ಕು ಯಾರದು?

ಉಳ್ಳವರ ಮನೆಯಲ್ಲಿ ಇದು ನೀತಿಯ ಪ್ರಶ್ನೆಯೇ ಅಲ್ಲ. ನರ್ಸಿಂಗ್ ಹೋಮಿನ ಬಾಗಿಲು ಮುಚ್ಚುತ್ತದೆ, ಸಂಜೆಗೆ ತೆರೆಯುತ್ತದೆ, ನೆಂಟರಿಗೆ 'ಹೊಟ್ಟೆನೋವಿತ್ತು' ಅಂದರೆ ಮುಗಿಯಿತು. ನೀತಿ, ಪಾಪ, ಮಾನ ಎಲ್ಲಾ ಬರುವುದು ಕೂಲಿ ಮಾಡುವವಳ ಪಾಲಿಗೆ. ಅವಳು ಒಂದು ದಿನದ ಕೂಲಿ ಕಳೆದುಕೊಂಡು, ಬಸ್ಸಿನ ದುಡ್ಡಿಗೆ ಕೈಸಾಲ ಮಾಡಿ ಆಸ್ಪತ್ರೆಗೆ ಹೋದರೆ, 'ಗಂಡ ಎಲ್ಲಿ? ಯಾರದಿದು?' ಅನ್ನುವ ಪ್ರಶ್ನೆ ಎದುರಾಗುತ್ತದೆ. ಆ ಪ್ರಶ್ನೆಗೆ ಹೆದರಿಯೇ ನಮ್ಮ ಅವ್ವಂದಿರು, ಅಜ್ಜಿಯಂದಿರು ಎಕ್ಕದ ಕಡ್ಡಿಗೆ, ಗುಟ್ಟಿನ ಕಷಾಯಕ್ಕೆ ಮೈಯೊಡ್ಡಿದರು. ಎಷ್ಟೋ ಜನ ನಂಜೇರಿ ಸತ್ತರು. 'ಗಾಳಿ ಸೋಕಿತ್ತು' ಅಂತ ಊರು ಹೇಳಿ ಸುಮ್ಮನಾಯಿತು.

2015ನೇ ಇಸವಿಯ ಲೆಕ್ಕ ಹಿಡಿದು ಸಂಶೋಧಕರು ಒಂದು ಅಂದಾಜು ಕೊಟ್ಟಿದ್ದಾರೆ. ಆ ಒಂದು ವರ್ಷದಲ್ಲಿ ಇಂಡಿಯಾದಲ್ಲಿ ಆದ ಗರ್ಭಪಾತ ಸುಮಾರು 1 ಕೋಟಿ 56 ಲಕ್ಷ. ಅದರಲ್ಲಿ ಆಸ್ಪತ್ರೆಯಲ್ಲಿ ಆದದ್ದು ನೂರಕ್ಕೆ 22. ನೂರಕ್ಕೆ 73 ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ. ಉಳಿದ 5 ಬೇರೆ ದಾರಿಗಳಲ್ಲಿ. ಮಾತ್ರೆ ಕೆಟ್ಟದ್ದಲ್ಲ. ಹೊತ್ತಿಗೆ ಸರಿಯಾಗಿ, ತಿಳಿದವರು ಹೇಳಿದಂತೆ ತೆಗೆದುಕೊಂಡರೆ ಅದು ಜೀವ ಉಳಿಸುವ ಔಷಧಿಯೇ. ಆದರೆ ಎಷ್ಟು ವಾರದೊಳಗೆ, ಹೇಗೆ, ರಕ್ತ ನಿಲ್ಲದಿದ್ದರೆ ಎಲ್ಲಿಗೆ ಓಡಬೇಕು ಅನ್ನುವುದನ್ನು ಅವಳಿಗೆ ಹೇಳುವವರು ಯಾರು? ಗುಟ್ಟು ಮಾಡಿದ್ದರಿಂದಲೇ ಔಷಧಿ ಅಪಾಯವಾಯಿತು.

ಈ ಗುಟ್ಟು ಎಲ್ಲಿಂದ ಬಂತು? 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 312ನೇ ಕಲಮು ಗರ್ಭ ಇಳಿಸುವುದನ್ನು ಅಪರಾಧ ಮಾಡಿತು. ಇಳಿಸಿದವರಿಗೆ ಮಾತ್ರವಲ್ಲ, ಇಳಿಸಿಕೊಂಡವಳಿಗೂ ಶಿಕ್ಷೆ. ಸಾಯುತ್ತಿದ್ದ ಹೆಂಗಸರ ಕಡೆ ಸರ್ಕಾರದ ಕಣ್ಣು ತಿರುಗಿ, ಶಾಂತಿಲಾಲ್ ಶಾ ಸಮಿತಿ ಕೂತಿದ್ದು 1964ರಲ್ಲಿ. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಆಯಿತು, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2021ರ ತಿದ್ದುಪಡಿಯಿಂದ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಹದಿನೆಂಟು ತುಂಬದ ಹುಡುಗಿಯರು, ಬಸುರಿನಲ್ಲೇ ಗಂಡನನ್ನು ಕಳೆದುಕೊಂಡವರು, ಇಂಥವರಿಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಮದುವೆಯಾದವಳು ಆಗದವಳು ಅಂತ ಈ ಕಾಯಿದೆಯಲ್ಲಿ ಭೇದ ಮಾಡಕೂಡದು ಅಂತ ಹೇಳಿತು. ಗಂಡನೇ ಬಲಾತ್ಕಾರ ಮಾಡಿದರೂ ಈ ಕಾಯಿದೆಯ ಮಟ್ಟಿಗೆ ಅದು ಅತ್ಯಾಚಾರವೇ ಅಂತಲೂ ಹೇಳಿತು.

ಒಳ್ಳೆಯದು. ಆದರೂ ಕಾಯಿದೆಯ ಒಳಗುಟ್ಟನ್ನು ಗಮನಿಸಬೇಕು. ಅದು 'ಹೆಣ್ಣಿಗೆ ಹಕ್ಕಿದೆ' ಅಂತ ಹೇಳುವುದಿಲ್ಲ. ಡಾಕ್ಟರು ಪ್ರಾಮಾಣಿಕವಾಗಿ ಅಭಿಪ್ರಾಯಪಟ್ಟರೆ ಅವರಿಗೆ ಶಿಕ್ಷೆಯಿಲ್ಲ ಅಂತ ಹೇಳುತ್ತದೆ. ಹಳೇ ಅಪರಾಧ ಹಾಗೇ ಉಳಿದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಕಲಮು 88ನೇ ನಂಬರು ಹೊತ್ತು ಕೂತಿದೆ. ಅಂದರೆ ಹೆಣ್ಣು ಇಲ್ಲಿ ಹಕ್ಕುದಾರಳಲ್ಲ, ಅರ್ಜಿದಾರಳು. ದಣಿಯ ಜಗಲಿಯ ಕೆಳಗೆ ನಿಂತು ಬೇಡುವುದು ಏನು ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. 'ಹೊಟ್ಟೆಯಲ್ಲಿರುವುದೂ ಒಂದು ಜೀವ ಅಲ್ಲವೇನ್ರಯ್ಯಾ?' ಅಂತ ಕೇಳುವವರೆಲ್ಲ ಪುರೋಹಿತಶಾಹಿಯ ಬಾಲಬಡುಕರಲ್ಲ. ನಮ್ಮ ಹಟ್ಟಿಯ ಮುದುಕಿಯರೂ ಕೇಳುತ್ತಾರೆ. ಈ ಮಾತನ್ನು ನಾವು ನಕ್ಕು ತಳ್ಳುವುದಿಲ್ಲ. ಅಲ್ಲಿ ಬೆಳೆಯುವುದಕ್ಕೆ ಬೆಲೆಯೇ ಇಲ್ಲ ಅಂತ ಹೇಳುವುದೂ ಇಲ್ಲ. ಆದರೆ ಅದು ಬೆಳೆಯುವುದು ಗಾಳಿಯಲ್ಲಲ್ಲ, ಒಬ್ಬಳ ಮೈಯಲ್ಲಿ. ಅವಳ ರಕ್ತ ಕುಡಿದು, ಅವಳ ಮೂಳೆ ಸವೆಸಿ, ಕೆಲವು ಸಲ ಅವಳ ಪ್ರಾಣವನ್ನೇ ಪಣಕ್ಕಿಟ್ಟು. ಒಬ್ಬರ ಮೈಯನ್ನು ಅವರ ಒಪ್ಪಿಗೆಯಿಲ್ಲದೆ ದುಡಿಸಿಕೊಳ್ಳುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ: ಜೀತ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂದಾಗ ದಣಿಗಳು ಏನಂದರು? 'ಸಾಲ ನಿಜ ಅಲ್ಲವೇ? ಅವರಪ್ಪ ಈಸಿಕೊಂಡಿದ್ದು ಸುಳ್ಳೇ?' ಅಂದರು. ಸಾಲ ನಿಜವೇ ಇರಲಿ, ಅದಕ್ಕಾಗಿ ಮನುಷ್ಯನ ಮೈಯನ್ನು ಒತ್ತೆ ಹಿಡಿಯಕೂಡದು ಅನ್ನುವುದು ಆ ಕಾಯಿದೆಯ ನೀತಿ. ಹಾಗೆಯೇ ಭ್ರೂಣಕ್ಕೆ ಬೆಲೆಯಿದೆ ಅಂತ ಒಪ್ಪಿದ ಮಾತ್ರಕ್ಕೆ ಬಲವಂತದಿಂದ ಹೊರಿಸುವ ಅಧಿಕಾರ ಯಾರಿಗೂ ಬರುವುದಿಲ್ಲ.

'ಪಾಪದ ಕೂಸನ್ನು ದಣಿಗೆ ಹೋಲಿಸ್ತೀರಾ?' ಅಂತ ಕೇಳಬಹುದು. ಇಲ್ಲ. ಕೂಸು ದಣಿಯಲ್ಲ. 'ಹೊರಲೇಬೇಕು' ಅಂತ ಆಜ್ಞೆ ಮಾಡುವವನು ದಣಿ. ಒಲಿದು ಹೊತ್ತ ಬಸುರು ತಾಯ್ತನ, ಹೊರಿಸಿದ ಬಸುರು ಜೀತ. ಇನ್ನೊಂದು ಮಾತು. ಬೆಳೆದ ಭ್ರೂಣಕ್ಕಾಗಿ ನಿಜವಾಗಿ ಮರುಗುವವರು ಮಾಡಬೇಕಾದ್ದು ಹೆಣ್ಣಿಗೆ ಆರನೇ ವಾರದಲ್ಲೇ ಬಾಗಿಲು ತೆರೆಯುವುದು. ಬಾಗಿಲಿಂದ ಬಾಗಿಲಿಗೆ ಅಲೆಸಿ, ತಿಂಗಳು ತುಂಬಿದ ಮೇಲೆ 'ಅಯ್ಯೋ ಬೆಳೆದುಬಿಟ್ಟಿದೆ' ಅನ್ನುವುದು ಕರುಣೆಯಲ್ಲ, ಕಪಟ.

ಹೆಣ್ಣುಭ್ರೂಣದ ಪ್ರಶ್ನೆಯೂ ಇದೆ. ತೀರ್ಮಾನ ಹೆಣ್ಣಿನದೇ ಅಂದಮೇಲೆ ಹೆಣ್ಣುಕೂಸನ್ನು ತೆಗೆಸುವುದೂ ಅವಳ ಇಷ್ಟವೇ? 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ನೋಡುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿಬಿತ್ತು. ಅಲ್ಲಿಗೆ ಹೆಂಗಸರನ್ನು ತಂದದ್ದು ಅವರ ಇಷ್ಟವಲ್ಲ. ವರದಕ್ಷಿಣೆ, ಆಸ್ತಿ, ಗಂಡು ವಾರಸುದಾರನ ಹಸಿವು. ಗಂಡು ಹೆರದವಳಿಗೆ ಮನೆಯಲ್ಲಿ ಜಾಗವಿಲ್ಲ ಅಂದಮೇಲೆ ಅದು ಯಾವ ಸೀಮೆಯ ಆಯ್ಕೆ? 1994ರ ಕಾಯಿದೆ ನಿಷೇಧಿಸಿದ್ದು ಲಿಂಗಪತ್ತೆಯನ್ನು, ಗರ್ಭಪಾತವನ್ನಲ್ಲ. ಎರಡನ್ನೂ 'ಭ್ರೂಣಹತ್ಯೆ' ಅನ್ನುವ ಒಂದೇ ಮಾತಿನಲ್ಲಿ ಕಟ್ಟಿ ಗೋಡೆಗೆ ಬರೆದರೆ, ಸಂಕಟದಲ್ಲಿ ಬಂದ ಪ್ರತಿ ಹೆಂಗಸೂ ಕೊಲೆಗಾರ್ತಿಯಂತೆ ಕಾಣುತ್ತಾಳೆ.

ಇದೇ ವ್ಯವಸ್ಥೆಗೆ ಬಡವರ ಗರ್ಭದ ಮೇಲೆ ಎಷ್ಟು ಗೌರವ ಇದೆ ನೋಡಿ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಕಲಬುರಗಿಯ ಲಂಬಾಣಿ ತಾಂಡಾಗಳಲ್ಲಿ ಹೊಟ್ಟೆನೋವು ಅಂತ ಹೋದ ಹೆಂಗಸರ ಗರ್ಭಕೋಶವನ್ನೇ ಕಿತ್ತ ಹಗರಣ 2015ರ ಹೊತ್ತಿಗೆ ಬಯಲಾಯಿತು. ದುಡ್ಡು ಹುಟ್ಟುವುದಾದರೆ ಗರ್ಭಕೋಶ ಕೀಳಲು ಪ್ರಶ್ನೆಯಿಲ್ಲ. ಅವಳೇ ಬಂದು 'ನಂಗೀ ಬಸುರು ಬ್ಯಾಡ' ಅಂದರೆ ನೂರು ಪ್ರಶ್ನೆ. ಹೆರಬೇಡ ಅನ್ನುವುದೂ ಹೆರಲೇಬೇಕು ಅನ್ನುವುದೂ ಒಂದೇ ಬಾಯಿ. ನಾವು ಎರಡನ್ನೂ ವಿರೋಧಿಸುತ್ತೇವೆ.

ಪರದೇಶದಲ್ಲೂ ನಮ್ಮ ನಾಡಿನ ಮಗಳೊಬ್ಬಳು ಈ ದಬ್ಬಾಳಿಕೆಗೆ ಬಲಿಯಾದಳು. ಬೆಳಗಾವಿಯಿಂದ ಐರ್ಲೆಂಡಿಗೆ ಹೋಗಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರಿಗೆ 17 ವಾರದ ಬಸುರು ಉಳಿಯುವಂತಿರಲಿಲ್ಲ. ತೆಗೆಯಿರಿ ಅಂತ ಕೇಳಿಕೊಂಡರು. ಭ್ರೂಣದ ಎದೆ ಇನ್ನೂ ಮಿಡಿಯುತ್ತಿದೆ ಅಂತ ನಿರಾಕರಿಸಲಾಯಿತು. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಆ ಸಾವು ಜನರನ್ನು ಬೀದಿಗೆ ತಂದಿತು. 2018ರ ಜನಮತದಲ್ಲಿ ನೂರಕ್ಕೆ 66 ಮಂದಿ ಆ ಸಂವಿಧಾನದ ಕಲಮನ್ನು ಕಿತ್ತುಹಾಕಿದರು.

ದಾರಿ ತೋರಿಸಿದವರು ನಮ್ಮಲ್ಲೂ ಇದ್ದಾರೆ. 1863ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಬಸುರಾದ ವಿಧವೆಯರು ಕೂಸನ್ನು ಕೊಲ್ಲುವ, ಇಲ್ಲವೇ ತಾವೇ ಬಾವಿ ಹಾರುವ ಕಾಲ. 'ಯಾರದು' ಅಂತ ಕೇಳದೆ ಫುಲೆ ದಂಪತಿ ಬಾಗಿಲು ತೆರೆದರು. ಅಲ್ಲಿ ಹೆತ್ತ ಬ್ರಾಹ್ಮಣ ವಿಧವೆಯೊಬ್ಬರ ಮಗನನ್ನೇ ದತ್ತು ತೆಗೆದುಕೊಂಡರು. 1938ರ ನವೆಂಬರಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಬಾಬಾಸಾಹೇಬರ ಪಕ್ಷ ಸಂತಾನ ನಿಯಂತ್ರಣದ ಗೊತ್ತುವಳಿ ತಂದಿತು. ಸಭೆ ಅದನ್ನು ಬೀಳಿಸಿತು. ಬಸುರು ಬೇಕೋ ಬೇಡವೋ ಅನ್ನುವುದು ಹೆಣ್ಣಿನ ಬಿಡುಗಡೆಯ ಪ್ರಶ್ನೆ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಗೆಳೆಯರೇ, ಗೆಳತಿಯರೇ, ಕಾಯಿದೆ ಓದಬಲ್ಲ ಮೊದಲ ತಲೆಮಾರು ನಮ್ಮದು. ಓದಿದ್ದನ್ನು ಕೇರಿಗೆ ಹೇಳಬೇಕು. ಹದಿನೆಂಟು ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಹದಿನೆಂಟು ತುಂಬದಿದ್ದರೆ ಪೋಷಕರ ಒಪ್ಪಿಗೆ ಬೇಕು. ಆದರೆ ಅವಳ ಹೆಸರನ್ನು ಡಾಕ್ಟರು ಪೊಲೀಸರಿಗೆ ಹೇಳಲೇಬೇಕಿಲ್ಲ ಅಂತ 2022ರ ಅದೇ ತೀರ್ಪು ಹೇಳಿದೆ. ಹಳ್ಳಿಯ ಮೇಷ್ಟ್ರುಗಳು, ಟೀಚರುಗಳು ಇಷ್ಟನ್ನು ಹೇಳಿದರೂ ಒಂದು ಜೀವ ಉಳಿದೀತು. ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಾದ ಡಾಕ್ಟರು ಯಾಕಿಲ್ಲ ಅಂತ ಸಂಘಟನೆಗಳು ಹೋಗಿ ಕೇಳಬೇಕು.

1974ರಲ್ಲಿ 'ಉಳುವವನೇ ಹೊಲದೊಡೆಯ' ಅಂತ ಈ ನಾಡು ಒಪ್ಪಿಕೊಂಡಿತು. ಹೊತ್ತವಳೇ ಮೈಯೊಡತಿ ಅಂತ ಒಪ್ಪಿಕೊಳ್ಳುವುದು ಯಾವಾಗ?