ಮತದಾನದಲ್ಲಿ ಅಂತರಂಗಶುದ್ಧಿ

ಅಂತರಂಗಶುದ್ಧಿ, ಬಹಿರಂಗಶುದ್ಧಿಗಳೆರಡೂ ಒಂದೇ ಸಾಧನೆಯ ಎರಡು ಮುಖಗಳೆಂದು ಶಿವಶರಣರು ಬೋಧಿಸಿದರು. ಈ ತತ್ತ್ವವು ಪೂಜಾಗೃಹಕ್ಕೆ ಮಾತ್ರ ಸಲ್ಲತಕ್ಕುದಲ್ಲ. ನಾಡಿನ ಆಡಳಿತವನ್ನು ಕುರಿತು ಪ್ರಜೆಯು ನೀಡುವ ಮತಕ್ಕೂ ಸಲ್ಲತಕ್ಕುದು. ಮತಗಟ್ಟೆಗೆ ಹೋಗದೆ, ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಮತ ನೀಡುವ ಪದ್ಧತಿಯು ಬಂದಿರುವ ಈ ಕಾಲದಲ್ಲಿ, ಆ ಮತವನ್ನು ಕಾಯುವವರು ಯಾರೆಂಬುದು ವಿಚಾರಾರ್ಹವಾದ ಪ್ರಶ್ನೆ.

ಬಾಲ್ಟಿಕ್ ಸಮುದ್ರತೀರದ ಎಸ್ಟೋನಿಯಾ ಎಂಬ ಸಣ್ಣ ದೇಶವು 2005ರ ಸ್ಥಳೀಯ ಚುನಾವಣೆಯಲ್ಲಿ ಈ ಪದ್ಧತಿಯನ್ನು ಆರಂಭಿಸಿತು. 2023ರ ಸಂಸತ್ತಿನ ಚುನಾವಣೆಯಲ್ಲಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಈ ಮಾರ್ಗದಿಂದಲೇ ಬಂದವು. ಮತವು ಒಳಲಕೋಟೆಯಲ್ಲಿಯೂ, ಮತದಾರನ ರುಜು ಹೊರಲಕೋಟೆಯ ಮೇಲೆಯೂ ಇರುವಂತೆ ಏರ್ಪಾಡು. ಎಣಿಕೆಗೆ ಮೊದಲು ಹೊರಲಕೋಟೆಯನ್ನು ಬೇರ್ಪಡಿಸುವುದರಿಂದ, ಯಾರ ಮತ ಯಾವುದೆಂದು ತಿಳಿಯದು. ತನ್ನ ಮತವು ಸರಿಯಾಗಿ ತಲುಪಿತೆ ಎಂಬುದನ್ನು ಮತದಾರನೇ ಪರೀಕ್ಷಿಸುವ ಅನುಕೂಲವು 2013ರಲ್ಲಿ ಬಂದಿತು. 2017ರಲ್ಲಿ ಗುರುತಿನ ಚೀಟಿಗಳ ಚಿಪ್ಪಿನಲ್ಲಿ ದೋಷವು ಕಂಡುಬಂದಾಗ, ಸರಕಾರವು ಸುಮಾರು 7,60,000 ಚೀಟಿಗಳ ವಿದ್ಯುನ್ಮಾನ ಪ್ರಮಾಣಪತ್ರಗಳನ್ನು ಅಮಾನತುಗೊಳಿಸಿತು. ಇವೆಲ್ಲವೂ ಬಹಿರಂಗಶುದ್ಧಿಯ ಕಾರ್ಯಗಳು; ನಿತ್ಯ ಎಚ್ಚರವನ್ನು ಬೇಡುವ ಕಾಯಕಗಳು.

ಆದರೆ ಮತಗಟ್ಟೆಯಲ್ಲಿ ಒಂದು ಮರೆಯುಂಟು. ಗಂಡನಾಗಲಿ, ಸಾಲಕೊಟ್ಟ ಧಣಿಯಾಗಲಿ ಅದರೊಳಗೆ ಇಣುಕುವಂತಿಲ್ಲ. ಮನೆಯಲ್ಲಿ ಆ ಮರೆ ಎಲ್ಲಿಯದು? ಇದನ್ನರಿತ ಎಸ್ಟೋನಿಯಾದವರು, ಒಬ್ಬರು ಅವಧಿಯೊಳಗೆ ಎಷ್ಟು ಸಲ ಬೇಕಾದರೂ ಮತವನ್ನು ಬದಲಿಸಬಹುದು, ಕಡೆಯದೇ ಸಲ್ಲುವುದು, ಮತಗಟ್ಟೆಯಲ್ಲಿ ಕಾಗದದ ಮತ ನೀಡಿದರೆ ಅಂತರ್ಜಾಲದ ಮತವು ರದ್ದಾಗುವುದು ಎಂಬ ನಿಯಮವನ್ನಿಟ್ಟರು. ಉಪಾಯವು ಮೆಚ್ಚತಕ್ಕುದೇ. ಆದರೂ ಮಡದಿಯ ಗುರುತಿನ ಚೀಟಿಯೂ ಗುಪ್ತಸಂಖ್ಯೆಯೂ ಗಂಡನ ಕೈಯಲ್ಲಿದ್ದು, ಆಕೆ ಹೊಸ್ತಿಲು ದಾಟಲು ಅವನ ಅಪ್ಪಣೆ ಬೇಕಾದರೆ, ಈ ನಿಯಮವು ಆಕೆಯನ್ನು ಹೇಗೆ ಕಾಯಬಲ್ಲುದು? ಬೀಗದ ಶಕ್ತಿಯು ಮುಗಿಯುವೆಡೆಯಲ್ಲಿಯೇ ಗೃಹಸ್ಥನ ಧರ್ಮವು ಆರಂಭವಾಗುತ್ತದೆ.

“ಆಕೆಗೆ ರಾಜ್ಯದ ವಿಷಯ ತಿಳಿಯದು, ಪ್ರೀತಿಯಿಂದಲೇ ನಾನು ಹೇಳಿಕೊಡುತ್ತೇನೆ” ಎಂದು ಯಜಮಾನನು ಹೇಳಬಹುದು. ಹೇಳಿಕೊಡುವುದು ತಪ್ಪಲ್ಲ, ಹೇಳಿದ ಮೇಲೆ ಮುಖ ತಿರುಗಿಸದಿರುವುದು ತಪ್ಪು. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕಠಿನವಾಗಿ ಪ್ರಶ್ನಿಸಿದರೆಂದು ಪರಂಪರೆಯು ಹೇಳುತ್ತದೆ. ಆಕೆ ತನ್ನ ಅರಿವಿನಿಂದಲೇ ಉತ್ತರಿಸಿದಳು. ಆಕೆಯ ಪರವಾಗಿ ಬೇರೊಬ್ಬರು ಉತ್ತರಿಸಲಿಲ್ಲ.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂಬ ನೀತಿಯನ್ನು ನಮ್ಮ ಕೇಂದ್ರ ಸರಕಾರವೂ 2014ರಲ್ಲಿ ಅಂಗೀಕರಿಸಿತು. ಮನೆಮಂದಿಯೆಲ್ಲರ ಹೆಸರಿನಲ್ಲಿ ಒಬ್ಬನೇ ಬರೆದು ಕಳುಹಿಸಿದರೆ ಹೆಸರು ಹತ್ತಾದರೂ ಅಭಿಪ್ರಾಯ ಒಂದೇ.

ನಾವು ಇದನ್ನು ಮತ‘ದಾನ’ವೆನ್ನುತ್ತೇವೆ. ತನ್ನದಲ್ಲದುದನ್ನು ದಾನಮಾಡುವ ಅಧಿಕಾರವು ಯಾರಿಗೂ ಇಲ್ಲ. ಮಡದಿಯ ಮತವು ಮಡದಿಯದು, ಮಗನದು ಮಗನದು, ಮನೆಯಾಳಿನದು ಮನೆಯಾಳಿನದು. ಇಷ್ಟನ್ನು ನಡೆಯಲ್ಲಿ ತೋರುವ ಮನೆಯಲ್ಲಿ ಮತಕ್ಕೆ ಬೇರೆ ಮರೆ ಬೇಕಾಗದು.