ಇಂದಿನ ಧಮ್ಮ ಚಿಂತನೆ: ಯಾರ ಮಾತು ಹರಟೆ?



ಇಂಗ್ಲಿಷಿನಲ್ಲಿ 'ಪಲಾವರ್' ಎಂಬ ಪದವಿದೆ. ನಿಘಂಟು ತೆರೆದರೆ ಹರಟೆ, ಕೆಲಸಕ್ಕೆ ಬಾರದ ಉದ್ದನೆಯ ಮಾತು, ಸುಮ್ಮನೆ ಮಾಡುವ ರಗಳೆ ಎಂಬ ಅರ್ಥಗಳು ಸಿಗುತ್ತವೆ. ಆದರೆ ಹುಟ್ಟುವಾಗ ಈ ಪದಕ್ಕೆ ಇಂಥ ಕೀಳು ಅರ್ಥ ಇರಲಿಲ್ಲ.

ಅದರ ಮೂಲ ಪೋರ್ಚುಗೀಸ್ ಭಾಷೆಯ 'ಪಲಾವ್ರ'. ಅರ್ಥ ಇಷ್ಟೇ: ಪದ, ಮಾತು. 15ನೇ ಶತಮಾನದಿಂದ ಪಶ್ಚಿಮ ಆಫ್ರಿಕಾದ ಕರಾವಳಿಗೆ ಹೋಗುತ್ತಿದ್ದ ಪೋರ್ಚುಗೀಸ್ ವ್ಯಾಪಾರಿಗಳು, ಅಲ್ಲಿನ ಜನರೊಡನೆ ಕೂತು ನಡೆಸುವ ಮಾತುಕತೆಗೆ ಈ ಪದ ಬಳಸಿದರು. 18ನೇ ಶತಮಾನದಲ್ಲಿ ಇಂಗ್ಲಿಷ್ ನಾವಿಕರು ಅದನ್ನು ಎತ್ತಿಕೊಂಡರು. ಆ ಕರಾವಳಿಯಲ್ಲಿ ಮನುಷ್ಯರನ್ನೇ ಕೊಂಡು ಹಡಗಿಗೆ ತುಂಬುತ್ತಿದ್ದ ಕಾಲವದು. ಇಂಗ್ಲಿಷಿನವರ ಬಾಯಲ್ಲಿ ಆಫ್ರಿಕಾದವರ ಸಭೆಯ ಮಾತು ಬರುಬರುತ್ತಾ 'ಹರಟೆ'ಯಾಯಿತು.

ಅಲ್ಲಿನ ಜನರಿಗೋ ಅದು ಮರದ ನೆರಳಲ್ಲಿ ಕೂತು ಜಗಳ ಬಗೆಹರಿಸುವ ನ್ಯಾಯದ ಮಾತು. ಲೈಬೀರಿಯಾದಲ್ಲಿ ಇಂದಿಗೂ 'ಪಲಾವ ಗುಡಿಸಲು' ಎಂಬ ಪದ್ಧತಿಯಿದೆ. ಅಂತರ್ಯುದ್ಧ ಮುಗಿದ ಮೇಲೆ ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗವು 2009ರ ವರದಿಯಲ್ಲಿ, ಒಡೆದ ಊರುಗಳನ್ನು ಕೂಡಿಸಲು ಇದೇ ಗುಡಿಸಲಿನ ಮಾತುಕತೆಯನ್ನು ಶಿಫಾರಸು ಮಾಡಿತು.

ತಥಾಗತರು ಬಿಡಬೇಕೆಂದ ಮಾತುಗಳು ನಾಲ್ಕು: ಸುಳ್ಳು, ಚಾಡಿ, ಬಿರುನುಡಿ, ಸಂಫಪ್ಪಲಾಪ. ಕೊನೆಯದೇ ಹರಟೆ. ಪಾಲಿಯಲ್ಲಿ 'ಪಲಾಪ' ಎಂದರೆ ಜೊಳ್ಳು ಎಂದೂ ಅರ್ಥ. (ಪಲಾವರ್‌ಗೂ ಇದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಒಂದೇ ಥರ.) ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡಬೇಕಾದದ್ದು ಮಾತನ್ನು. ಆಡಿದವರ ಜಾತಿ, ಬಣ್ಣ ನೋಡಿ ತೂರಿದರೆ ಕಾಳೂ ಗಾಳಿಪಾಲು.

ಹರಟೆ ಬೇಡ ಎಂದ ತಥಾಗತರೇ ಸಭೆ ಬೇಕು ಎಂದರು. ವಜ್ಜಿಗಳು ಮೇಲಿಂದ ಮೇಲೆ ಸಭೆ ಸೇರುವವರೆಗೆ, ಒಗ್ಗಟ್ಟಿನಿಂದ ಕೂಡಿ ಒಗ್ಗಟ್ಟಿನಿಂದ ಏಳುವವರೆಗೆ ಅವರಿಗೆ ಏಳಿಗೆಯೇ ಹೊರತು ಅವನತಿಯಿಲ್ಲ ಎಂಬುದು ಅವರ ಮಾತು. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ದೇಶಕ್ಕೆ ನೆನಪಿಸಿದರು: ಕೂರುವ ಕ್ರಮ, ನಿರ್ಣಯ ಮಂಡನೆ, ಕೋರಂ, ಮತ ಎಣಿಕೆ ಎಲ್ಲವೂ ಭಿಕ್ಖು ಸಂಘಗಳಿಗೆ ಗೊತ್ತಿದ್ದವು.

ನಮ್ಮವರು ಗ್ರಾಮಸಭೆಯಲ್ಲಿ ಎದ್ದು ನಿಂತು ನೀರಿನ ವಿಷಯ, ಸ್ಮಶಾನದ ಜಾಗದ ವಿಷಯ ಕೇಳಿದರೆ "ಶುರುವಾಯ್ತು ಇವರ ಪುರಾಣ" ಎನ್ನುವವರು ಇವತ್ತಿಗೂ ಇದ್ದಾರೆ. ಅದು ನಮಗೆ ಚುಚ್ಚುತ್ತದೆ. ಹಾಗಾದರೆ ವಿಹಾರದ ಸಭೆಯಲ್ಲಿ ನಮ್ಮ ಅಕ್ಕ ತಂಗಿಯರು ಲೆಕ್ಕ ಕೇಳಿದಾಗ "ಹೆಂಗಸರ ಹರಟೆ" ಎಂದು ನಗುವುದೂ ಆ ಹಡಗಿನವರ ಭಾಷೆಯೇ ಅಲ್ಲವೇ?

ಇಂದಿನ ಅಭ್ಯಾಸ: ಯಾರ ಮಾತನ್ನೇ ಆಗಲಿ, ಹರಟೆ ಎನ್ನುವ ಮೊದಲು ಪೂರ್ತಿ ಕೇಳೋಣ. ನಮ್ಮ ಮಾತಿನ ಜೊಳ್ಳನ್ನು ನಾವೇ ತೂರಿ, ಕಾಳನ್ನು ಸಭೆಯ ಮುಂದಿಡೋಣ.

ಜೈ ಭೀಮ್. ನಮೋ ಬುದ್ಧಾಯ.